ಮೇವು ಕಾಣದ ಆನೆಯನ್ನು ‘ಬಿಳಿ ಆನೆ’ ಎನ್ನಬೇಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಇತ್ತೀಚೆಗೆ ‘ಬಿಳಿ ಆನೆ’ ಎಂಬ ಮಾತು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಕುಷ್ಟಗಿ ತಾಲೂಕಿನ ಹಳ್ಳಿಯೊಂದರಲ್ಲಿ ಬೀಗ ಬಿದ್ದಿರುವ ಶುದ್ಧ ಕುಡಿಯುವ ನೀರಿನ ಘಟಕ ಬಿಳಿ ಆನೆಯಾಯಿತು. ಅದಾದ ಸ್ವಲ್ಪ ದಿನಕ್ಕೆ ನಷ್ಟದಲ್ಲಿ ಓಡುವ ಹಳ್ಳಿ ಬಸ್ಸುಗಳು ಬಿಳಿ ಆನೆಗಳಾದವು. ಊರಾಚೆ ಕಟ್ಟಿ, ವ್ಯಾಪಾರಸ್ಥರು ಯಾರೂ ಹೋಗದೆ ಖಾಲಿ ಉಳಿದಿರುವ ಮಳಿಗೆಗಳ ಸಾಲಿಗೂ ಅದೇ ಹೆಸರು ಬಂತು. ಮೂರೂ ಬರೆಯಲೇಬೇಕಾದ ಸುದ್ದಿಗಳು. ಬರೆದ ವರದಿಗಾರರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮೂರು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರಿಟ್ಟರೆ, ಯಾವ ರೋಗಕ್ಕೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ತಿಳಿಯದೆ ಹೋಗುತ್ತದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಾನು ತಾಲೂಕು ಮಟ್ಟದ ಕಚೇರಿಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪರಭಾಷೆಯ ನುಡಿಗಟ್ಟು ಕನ್ನಡಕ್ಕೆ ಬರಬಾರದೆಂಬ ಮಡಿ ನನಗಿಲ್ಲ. ‘ಮೊಸಳೆ ಕಣ್ಣೀರು’ ಎಂದೋ ಬಂದು ನಮ್ಮದಾಗಿದೆ, ‘ಹಸಿರು ನಿಶಾನೆ’ ಇಲ್ಲದೆ ಯಾವ ಯೋಜನೆಯ ಸುದ್ದಿಯೂ ಮುಗಿಯುವುದಿಲ್ಲ. ಬಿಳಿ ಆನೆಯೂ ಹಾಗೆಯೇ ಬರಲಿ. ಆದರೆ ಬರುವಾಗ ತನ್ನ ಅರ್ಥವನ್ನು ಹೊತ್ತುಕೊಂಡು ಬರಬೇಕು ಎಂಬುದಷ್ಟೇ ನನ್ನ ಅರಿಕೆ.

ಇಂಗ್ಲಿಷಿನಲ್ಲಿ ‘ವೈಟ್ ಎಲಿಫೆಂಟ್’ ಎಂದರೆ ಬರೀ ದುಬಾರಿಯಾದದ್ದು ಎಂದಲ್ಲ, ಬರೀ ನಷ್ಟದ ಬಾಬು ಎಂದೂ ಅಲ್ಲ, ಕೆಟ್ಟು ನಿಂತದ್ದು ಎಂದಂತೂ ಅಲ್ಲವೇ ಅಲ್ಲ. ಇಟ್ಟುಕೊಳ್ಳುವುದಕ್ಕೆ ದಿನವೂ ಖರ್ಚು ಕೇಳುವ, ಆ ಖರ್ಚಿಗೆ ತಕ್ಕ ಉಪಯೋಗ ಕೊಡದ, ಹಾಗೆಂದು ಬಿಟ್ಟುಬಿಡಲೂ ಮಾರಿಬಿಡಲೂ ಬಾರದ ಸ್ವತ್ತು ಅದು. ಈ ಮೂರರಲ್ಲಿ ಒಂದು ತಪ್ಪಿದರೂ ನುಡಿಗಟ್ಟು ಒಪ್ಪುವುದಿಲ್ಲ. ಇವುಗಳ ಅಡಿಯಲ್ಲಿ ಹೇಳದೆ ಉಳಿದ ಇನ್ನೊಂದು ಷರತ್ತೂ ಇದೆ: ಒಡೆಯನು ಅದನ್ನು ನಿಜವಾಗಿಯೂ ಸಾಕುತ್ತಿರಬೇಕು. ಹೊಟ್ಟೆಗೆ ಹಾಕದೆ ಕಟ್ಟಿಹಾಕಿದ ಪ್ರಾಣಿ ಯಾವ ಬಣ್ಣದ್ದಾದರೂ ಅದನ್ನು ಬಿಳಿ ಆನೆ ಎನ್ನಲಾಗದು.

ಈ ಅರ್ಥ ಹುಟ್ಟಿದ್ದು ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಕಥೆಯೊಂದರಿಂದ ಎನ್ನುತ್ತಾರೆ. ಅಲ್ಲಿಯ ಅರಸನಿಗೆ ಯಾವನಾದರೂ ಆಸ್ಥಾನಿಕನ ಮೇಲೆ ಸಿಟ್ಟು ಬಂದರೆ ಅವನಿಗೊಂದು ಬಿಳಿ ಆನೆಯನ್ನು ಬಹುಮಾನವಾಗಿ ಕೊಡುತ್ತಿದ್ದನಂತೆ. ಅರಸನ ಕೊಡುಗೆಯಾದ್ದರಿಂದ ಬೇಡವೆನ್ನುವಂತಿಲ್ಲ, ಪವಿತ್ರ ಪ್ರಾಣಿಯಾದ್ದರಿಂದ ದುಡಿಸುವಂತಿಲ್ಲ, ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುವ ಜೀವವನ್ನು ಉಪವಾಸ ಕೆಡವುವಂತೆಯೂ ಇಲ್ಲ. ಕೆಲವೇ ವರ್ಷಗಳಲ್ಲಿ ಮನೆತನವೇ ಮಣ್ಣುಪಾಲು. ಕಥೆ ಸೊಗಸಾಗಿದೆ, ಆದರೆ ಯಾವನಾದರೂ ಅರಸ ಹೀಗೆ ಮಾಡಿದನೆಂಬುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಅಲ್ಲಿಯ ಸಂಪ್ರದಾಯ ತದ್ವಿರುದ್ಧವಾಗಿತ್ತು. ಕಾಡಿನಲ್ಲಿ ಬಿಳಿ ಆನೆ ಸಿಕ್ಕರೆ ಅದು ಅರಸನಿಗೇ ಸೇರಬೇಕು, ಅವನು ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. 1563ರಲ್ಲಿ ಬರ್ಮಾದ ಪೆಗುವಿನ ಅರಸ ಬಯಿನ್ನಾಂಗ್ ಎರಡು ಬಿಳಿ ಆನೆಗಳನ್ನು ಕಳುಹಿಸಿಕೊಡೆಂದು ಸಯಾಮಿನ ಅಂದಿನ ರಾಜಧಾನಿ ಅಯುತ್ಥಯದ ಅರಸನನ್ನು ಕೇಳಿದ, ಅವನು ಒಲ್ಲೆನೆಂದ, ಅಷ್ಟಕ್ಕೆ ದಂಡು ಹೊರಟಿತು. ಮರುವರ್ಷ ಅಯುತ್ಥಯ ಸೋತು, ಕೇಳಿದ್ದಕ್ಕಿಂತ ಹೆಚ್ಚು ಆನೆಗಳನ್ನು ತೆರಬೇಕಾಯಿತು. ಹೊರೆಯೆಂದು ಎಣಿಸಿದ ವಸ್ತುವಿಗಾಗಿ ಯಾವ ಅರಸನೂ ದಂಡು ಕಟ್ಟಿಕೊಂಡು ಹೋಗುವುದಿಲ್ಲ. 1917ರ ತನಕ ಸಯಾಮಿನ ಬಾವುಟದಲ್ಲಿ ಇದ್ದದ್ದು ಬಿಳಿ ಆನೆಯ ಚಿತ್ರವೇ, ಮತ್ತು 1861ರಲ್ಲಿ ಸ್ಥಾಪನೆಯಾದ ‘ಬಿಳಿ ಆನೆ’ಯ ಹೆಸರಿನ ರಾಜಗೌರವವನ್ನು ಆ ದೇಶ ಇಂದಿಗೂ ಕೊಡುತ್ತಿದೆ. ಪೂರ್ವದೇಶಗಳಿಗೆ ಹೋಗಿಬಂದ ಯೂರೋಪಿನವರು ಪ್ರಾಣಿಯೊಂದಕ್ಕೆ ನಡೆಯುವ ಉಪಚಾರವನ್ನು ಕಂಡು ಬೆರಗಾಗಿ ಹೇಳಿದ ಸುದ್ದಿಗಳು ಬಾಯಿಂದ ಬಾಯಿಗೆ ದಾಟಿ, ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇಂಗ್ಲಿಷಿನಲ್ಲಿ ನುಡಿಗಟ್ಟಾಗಿ ನೆಲೆನಿಂತವು.

ಇದನ್ನೆಲ್ಲ ಓದಲು ಬ್ಯಾಂಕಾಕಿನವರೆಗೆ ಹೋಗಬೇಕಾಗಿಯೂ ಇಲ್ಲ. ನಾನಿರುವ ಗಂಗಾವತಿಯಿಂದ ಆನೆಗೊಂದಿ ಕೂಗಳತೆಯಲ್ಲಿದೆ, ಅಲ್ಲಿಂದ ಹೊಳೆ ದಾಟಿದರೆ ಹಂಪಿ. ಆ ಹಂಪಿಗೆ 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದಿದ್ದ. ಅರಸನ ಬಳಿ ಬಹು ದೊಡ್ಡದೊಂದು ಬಿಳಿ ಆನೆಯಿತ್ತು, ಅದರ ಮೈಮೇಲೆ ಅಲ್ಲಲ್ಲಿ ಮಚ್ಚೆಗಳಿದ್ದವು, ದಿನವೂ ಬೆಳಗ್ಗೆ ಅದನ್ನು ಅರಸನ ಮುಂದೆ ತರುತ್ತಿದ್ದರು, ಅದರ ಮುಖ ನೋಡುವುದು ಶುಭಶಕುನವೆಂದು ಅಲ್ಲಿಯವರ ನಂಬಿಕೆ ಎಂದು ಅವನು ಬರೆದಿಟ್ಟಿದ್ದಾನೆ. ಅರಮನೆಯ ಆನೆಗಳ ಊಟದ ವಿವರವನ್ನೂ ಬಿಟ್ಟಿಲ್ಲ. ಖಿಚಡಿ ಬೇಯಿಸಿ, ಆನೆಯ ಎದುರಿಗೇ ಹಂಡೆಯಿಂದ ತೆಗೆದು, ಉಪ್ಪು ಎರಚಿ, ಸಕ್ಕರೆ ಉದುರಿಸಿ, ಚೆನ್ನಾಗಿ ಕಲಸಿ, ಎರಡು ಮಣ ತೂಕದ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಮಾವುತರು ಬಾಯಿಗಿಡುತ್ತಿದ್ದರಂತೆ. ಖರ್ಚಿನ ಬಾಬು ಎನ್ನುವುದಾದರೆ ಅದಕ್ಕಿಂತ ದೊಡ್ಡ ಬಾಬು ಯಾವುದಿದ್ದೀತು? ಆದರೆ ವಿಜಯನಗರದಲ್ಲಿ ಅದನ್ನು ದಂಡದ ಖರ್ಚೆಂದು ಯಾರೂ ಎಣಿಸಿದಂತಿಲ್ಲ. ಗಜಶಾಲೆಯ 11 ಗುಮ್ಮಟದ ಕೋಣೆಗಳ ಮುಂದೆ ಇಂದು ನಿಂತವರಿಗೂ ಆನೆ ಆ ರಾಜ್ಯಕ್ಕೆ ಭಾರವಾಗಿತ್ತೆಂದು ಅನ್ನಿಸದು.

ನಮ್ಮ ಕಡೆ ಬಿಳಿ ಆನೆಯ ಮಾನ ಇನ್ನೂ ಹಳೆಯದು. ಇಂದ್ರನ ಐರಾವತ ಇರಲಿ. ಜೈನರ ಮಹಾತೀರ್ಥವಾಗಿದ್ದ ಈ ಕೊಪಣದಲ್ಲಿ, ಅಂದರೆ ಈಗಿನ ಕೊಪ್ಪಳದಲ್ಲಿ, ತೀರ್ಥಂಕರನ ತಾಯಿ ಕಾಣುವ ಶುಭಸ್ವಪ್ನಗಳಲ್ಲಿ ಬಿಳಿ ಆನೆಗೆ ಮೊದಲ ಸ್ಥಾನವೆಂದು ಹೇಳಿಕೊಡಬೇಕಾಗಿರಲಿಲ್ಲ. ಬುದ್ಧನ ತಾಯಿಯ ಕನಸಿನಲ್ಲಿ ಬಂದದ್ದೂ ಬಿಳಿ ಆನೆಯೇ. ಅಶೋಕನ ಶಾಸನಗಳು ನಮ್ಮ ಗವಿಮಠದ ಬಂಡೆಯಲ್ಲಿವೆ, ಪಾಲ್ಕಿಗುಂಡಿನಲ್ಲಿವೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿವೆ. ಅದೇ ಅಶೋಕನ ಗಿರ್ನಾರ್ ಬಂಡೆಯ ಶಾಸನದ ಕೊನೆಯಲ್ಲಿ, ಪೂರಾ ಬೆಳ್ಳಗಿರುವ ಆನೆಯೊಂದನ್ನು ಲೋಕಕ್ಕೆಲ್ಲ ಸುಖ ತರುವಂಥದು ಎಂದು ಕೊಂಡಾಡಿದ ಮಾತು ಇದೆ. ಲೋಕಕ್ಕೆ ಸುಖ ತರುವ ಆನೆ ಇಂಗ್ಲಿಷಿನ ಬಾಯಿಗೆ ಬಿದ್ದು ಲೋಕಕ್ಕೆ ಹೊರೆಯಾದ ಆನೆಯಾಗಿ ನಮಗೇ ಹಿಂದಿರುಗಿ ಬಂದಿದೆ. ಇದಕ್ಕೆ ನನ್ನ ತಕರಾರಿಲ್ಲ, ಮಾತುಗಳು ಊರೂರು ತಿರುಗಿ ಹೀಗೆ ಬಣ್ಣ ಬದಲಿಸುತ್ತಲೇ ಇರುತ್ತವೆ.

ಬಣ್ಣದ ಮಾತು ಬಂದದ್ದಕ್ಕೆ ಒಂದು ಪ್ರಸಂಗ. ಬಿಳಿ ಆನೆ ಎಂಬುದು ಸುಣ್ಣದಂತೆ ಬೆಳ್ಳಗಿರುವುದಿಲ್ಲ. ಮಾಸಲು ಬೂದು ಮೈ, ಅಲ್ಲಲ್ಲಿ ಗುಲಾಬಿ ಛಾಯೆ, ಅಷ್ಟೆ. 1884ರಲ್ಲಿ ಅಮೆರಿಕದ ಸರ್ಕಸ್ ಧಣಿ ಬಾರ್ನಮ್ ಭಾರಿ ಹಣ ಸುರಿದು ಬರ್ಮಾದಿಂದ ನಿಜವಾದ ಬಿಳಿ ಆನೆಯನ್ನೇ ತರಿಸಿದ. ಜನ ನೋಡಿ, ಇದೆಲ್ಲಿ ಬೆಳ್ಳಗಿದೆ ಎಂದು ಮೂಗು ಮುರಿದರು. ಅವನ ಎದುರಾಳಿ ಫೋರ್‌ಪಾ ಎಂಬವನು ಸಾಮಾನ್ಯ ಆನೆಯೊಂದಕ್ಕೆ ಬಿಳಿ ಬಣ್ಣ ಬಳಿಸಿ ಮೆರವಣಿಗೆ ಮಾಡಿಸಿದ, ಜನ ಅಲ್ಲಿಗೂ ನುಗ್ಗಿದರು. ಪತ್ರಿಕೆಗಳಲ್ಲಿ ಈಗ ಆಗುತ್ತಿರುವುದು ಬಹುಮಟ್ಟಿಗೆ ಎರಡನೆಯವನ ಕೆಲಸ.

ಇಂಗ್ಲಿಷ್ ಬಲ್ಲವರು ಸರಿಯಾಗಿ ಬಳಸಿದ ಎರಡು ಕಡೆಗಳನ್ನು ಹೇಳಬಹುದು. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗೆಂದು ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಅದಕ್ಕಾಗಿ ಆ ಪ್ರಾಂತ್ಯದ ಜನ ತಂಬಾಕಿನ ಮೇಲೆ ವಿಶೇಷ ತೆರಿಗೆ ಕಟ್ಟಿದರು, ಚಾವಣಿಯ ದುರಸ್ತಿಯಂತೂ ಮುಗಿಯದ ಕಥೆಯಾಯಿತು. ಇನ್ನೊಂದು ಶ್ರೀಲಂಕಾದ ಮತ್ತಲ ವಿಮಾನ ನಿಲ್ದಾಣ. 2013ರಲ್ಲಿ ಉದ್ಘಾಟನೆಯಾದ ಈ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ವಿಮಾನಗಳೇ ಬರದೆ, ಸಿಬ್ಬಂದಿಯ ಸಂಬಳ ಮತ್ತು ಕಟ್ಟಲು ಮಾಡಿದ ಸಾಲದ ಕಂತು ಮಾತ್ರ ತಪ್ಪದೆ, ಒಂದು ಹಂತದಲ್ಲಿ ಅದರ ಸರಕು ಕಟ್ಟಡಗಳಲ್ಲಿ ಭತ್ತದ ಮೂಟೆಗಳನ್ನು ಒಟ್ಟಿದರು. ಭತ್ತದ ಕಣಜವೆನಿಸಿಕೊಂಡ ನಮ್ಮ ಗಂಗಾವತಿಯಲ್ಲಿ ಸುಗ್ಗಿಯ ಕಾಲಕ್ಕೆ ಗೋದಾಮು ಸಿಗದೆ ಒದ್ದಾಡುವವರಿಗೆ ಇದು ಹೊಟ್ಟೆಕಿಚ್ಚಿನ ಸಂಗತಿಯೂ ಆದೀತು. ಈ ಎರಡೂ ಕಡೆ ಸಾಕುವ ಖರ್ಚಿದೆ, ಅದಕ್ಕೆ ತಕ್ಕ ಉಪಯೋಗವಿಲ್ಲ, ಕೈಬಿಡುವ ದಾರಿಯೂ ಇಲ್ಲ.

ಈಗ ತಾವು ಬರೆದ ನೀರಿನ ಘಟಕಕ್ಕೆ ಬರುತ್ತೇನೆ. ಆ ಹಳ್ಳಿಗೆ ನನ್ನ ನೆಂಟಸ್ತಿಕೆಯಿದೆ, ಘಟಕವನ್ನು ಕಣ್ಣಾರೆ ಕಂಡಿದ್ದೇನೆ. ಗ್ರಾಮ ಪಂಚಾಯಿತಿ ಕಚೇರಿಯ ಪಕ್ಕದಲ್ಲಿ ತಗಡಿನ ಚಾವಣಿಯ ಸಣ್ಣ ಕೋಣೆ, ಮುಂಭಾಗಕ್ಕೆ ನೀಲಿ ಬಣ್ಣ, ನಾಣ್ಯ ಹಾಕುವ ಸೀಳು, ಅದರ ಕೆಳಗೆ ಕ್ಯಾನ್ ಇಡುವ ಕಟ್ಟೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು ಬರುವಂತೆ ಮಾಡಿದ್ದರು, ಅದು ಓಡುತ್ತಿದ್ದ ದಿನಗಳಲ್ಲಿ ಬೆಳಗಿನ ಹೊತ್ತು ಅಲ್ಲಿ ಸೈಕಲ್ಲು, ತಳ್ಳುಬಂಡಿ, ಸೊಂಟದ ಮೇಲಿನ ಕೊಡ ಎಲ್ಲ ಸಾಲುಗಟ್ಟುತ್ತಿದ್ದವು. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಮಿತಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಆ ಮಿತಿ ದಾಟಿದೆ. ಹಲ್ಲಿಗೆ ಕಂದು ಕಲೆ ಬಿದ್ದ ಮಕ್ಕಳನ್ನೂ, ಮಂಡಿ ಮಡಿಸಲಾರದ ಹಿರಿಯರನ್ನೂ ಕಂಡವರಿಗೆ ಈ ಘಟಕ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಒತ್ತಡ ಕೊಟ್ಟು ನೀರನ್ನು ತೆಳು ಪೊರೆಯೊಂದರ ಮೂಲಕ ಹಾಯಿಸಿದಾಗ ಅದು ಹಿಂದುಳಿಯುತ್ತದೆ, ಘಟಕದ ಜೀವವಿರುವುದು ಆ ಪೊರೆಯಲ್ಲಿ.

ಆ ಪೊರೆ ಶಾಶ್ವತವಲ್ಲ. ಗಡಸು ನೀರಿನಲ್ಲಿ ಅದರ ಮೇಲೆ ಉಪ್ಪು ಕಟ್ಟುತ್ತದೆ. ಆಗಾಗ ತೊಳೆಯಬೇಕು, ಅವಧಿ ಮುಗಿದ ಮೇಲೆ ಬದಲಿಸಬೇಕು. ಅದಕ್ಕೆ ಮುಂಚಿನ ಮರಳಿನ ಸೋಸುಗವನ್ನೂ ನೋಡಿಕೊಳ್ಳಬೇಕು. ಮೋಟಾರಿಗೆ ಕರೆಂಟ್ ಬಿಲ್ ಇದೆ, ನೋಡಿಕೊಳ್ಳುವವನಿಗೆ ತಿಂಗಳ ಸಂಬಳವಿದೆ. ನನಗೆ ತಿಳಿದಂತೆ ಆ ಘಟಕದಲ್ಲಿ ಮೊದಲು ನಿಂತದ್ದು ನೋಡಿಕೊಳ್ಳುವವನ ಸಂಬಳ, ಆಮೇಲೆ ನಾಣ್ಯದ ಪೆಟ್ಟಿಗೆ ಕೆಟ್ಟಿತು, ಕೊನೆಗೆ ಪೊರೆ ಕಟ್ಟಿಕೊಂಡಿತು. ಕಟ್ಟಿದ ಗುತ್ತಿಗೆದಾರರ ನಿರ್ವಹಣೆಯ ಅವಧಿ ಮುಗಿದಿತ್ತು, ಮುಂದಿನದು ಯಾರ ಪಾಲಿಗೆ ಎಂಬ ಬಗ್ಗೆ ಎರಡು ಕಚೇರಿಗಳ ನಡುವೆ ಪತ್ರಗಳು ಓಡಾಡುತ್ತಿದ್ದವು. ನಾನು ಹೋದಾಗ ಕಬ್ಬಿಣದ ಜಾಲರಿಗೆ ಬೀಗವಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು, ಕ್ಯಾನ್ ಇಡುವ ಕಟ್ಟೆಯ ಮೇಲೆ ಯಾರೋ ಹುಣಸೆಹಣ್ಣು ಒಣಗಲು ಹಾಕಿದ್ದರು. ಕಾಸಿದ್ದವರು ಖಾಸಗಿಯವರ ಟ್ಯಾಂಕರಿನಿಂದ ಕ್ಯಾನ್ ಕೊಳ್ಳುತ್ತಿದ್ದರು, ಇಲ್ಲದವರು ಮತ್ತೆ ಕೊಳವೆಬಾವಿಗೆ ಹೋಗಿದ್ದರು.

ಸಂಪಾದಕರೇ, ಇದರಲ್ಲಿ ಬಿಳಿ ಆನೆ ಎಲ್ಲಿದೆ? ಸಾಕುವ ಖರ್ಚು ದೊಡ್ಡದಲ್ಲ, ಉಪಯೋಗವೋ ಹಳ್ಳಿಯ ಹಲ್ಲು ಮೂಳೆಗಳ ಮೇಲೆ ಬರೆದಿದೆ. ಘಟಕ ನಿಂತದ್ದು ತಿಂದು ತಿಂದು ಅಲ್ಲ, ತಿನ್ನಲು ಸಿಗದೆ. ಇದಕ್ಕೆ ನಮ್ಮಲ್ಲಿ ಬೇರೆ ಗಾದೆಯೇ ಇದೆ: ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ತಮ್ಮ ವರದಿಯ ತಲೆಬರಹದಲ್ಲಿ ‘ಬಿಳಿ ಆನೆಯಾದ ನೀರಿನ ಘಟಕ’ ಎಂದಿತ್ತು. ಅದನ್ನು ಓದಿದ ಅಧಿಕಾರಿಗೆ ಸಿಗುವ ಸಂದೇಶವೆಂದರೆ, ಇಂಥ ಘಟಕಗಳೇ ದಂಡ, ಇನ್ನು ಮುಂದೆ ಕೊಡುವುದು ಬೇಡ ಎಂಬುದು. ‘ಅರೆಕಾಸಿನ ಮಜ್ಜಿಗೆ ಕಾಣದ ನೀರಿನ ಘಟಕ’ ಎಂದು ಬರೆದಿದ್ದರೆ ಅದೇ ಅಧಿಕಾರಿ ನಿರ್ವಹಣೆಯ ಕಡತವನ್ನು ತರಿಸಬೇಕಾಗುತ್ತಿತ್ತು. ತಲೆಬರಹಕ್ಕೆ ಉದ್ದವಾಯಿತು ಎನ್ನುವುದಾದರೆ ‘ಬೀಗ ಬಿದ್ದ’ ಎಂಬ ಎರಡು ಮಾತೇ ಸಾಕಾಗಿತ್ತು.

ಲೆಕ್ಕಪತ್ರ ನೋಡಿದವನಾಗಿ ಇಲ್ಲೊಂದು ಮಾತು ಸೇರಿಸುತ್ತೇನೆ. ಸರ್ಕಾರಿ ಲೆಕ್ಕದಲ್ಲಿ ಕಟ್ಟುವ ಹಣ ಒಂದು ಶೀರ್ಷಿಕೆಯಲ್ಲಿ ಬರುತ್ತದೆ, ನಡೆಸುವ ಹಣ ಇನ್ನೊಂದರಲ್ಲಿ. ಕಟ್ಟುವ ಹಣಕ್ಕೆ ಭೂಮಿಪೂಜೆಯಿದೆ, ಉದ್ಘಾಟನೆಯಿದೆ, ಕಲ್ಲಿನಲ್ಲಿ ಕೊರೆದ ಹೆಸರುಗಳಿವೆ. ನಡೆಸುವ ಹಣಕ್ಕೆ ಇವು ಯಾವುವೂ ಇಲ್ಲ, ಪೊರೆ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಹೀಗಾಗಿ ಕ್ರಿಯಾ ಯೋಜನೆ ಮಾಡುವ ಹೊತ್ತಿಗೆ ಹೊಸ ಕಾಮಗಾರಿಗೆ ಒತ್ತಡ ಬಂದಷ್ಟು ಹಳೆಯದರ ನಿರ್ವಹಣೆಗೆ ಬರುವುದಿಲ್ಲ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಕಟ್ಟಡಗಳು ಬಂದಿವೆ, ಅದು ಸಂತೋಷದ ಸಂಗತಿ. ಆದರೆ ಆ ಕಟ್ಟಡಗಳೊಳಗೆ ಕೂರುವ ಸಿಬ್ಬಂದಿ, ಉರಿಯುವ ದೀಪ, ಓಡುವ ಮೋಟಾರು ಇವಕ್ಕೆ ವರ್ಷವರ್ಷವೂ ಹಣ ಬೇಕಲ್ಲವೇ? ಅದು ಬರದೆ ಮುಚ್ಚಿದ ಪ್ರತಿಯೊಂದನ್ನೂ ಬಿಳಿ ಆನೆ ಎಂದು ಕರೆದರೆ ಕಟ್ಟಿದ್ದೇ ತಪ್ಪೆಂದಾಗುತ್ತದೆ, ನಡೆಸದವರು ನುಣುಚಿಕೊಳ್ಳುತ್ತಾರೆ.

ಬಸ್ಸಿನ ವಿಷಯ ಹೆಚ್ಚು ಬೆಳೆಸುವುದಿಲ್ಲ. ಸಂಜೆ ಕಾಲೇಜು ಬಿಟ್ಟ ಹೆಣ್ಣುಮಕ್ಕಳನ್ನು ಊರಿಗೆ ಮುಟ್ಟಿಸುವ ಕೊನೆಯ ಬಸ್ಸು ಡೀಸೆಲ್ ಖರ್ಚನ್ನು ಹುಟ್ಟಿಸದೆ ಇರಬಹುದು. ಅದು ನಷ್ಟದ ಮಾರ್ಗ, ಆ ಮಾತನ್ನೇ ಬರೆಯಿರಿ. ಖರ್ಚಿಗೆ ತಕ್ಕ ದುಡ್ಡು ಬರುವುದಿಲ್ಲ ಎನ್ನುವುದೂ ಖರ್ಚಿಗೆ ತಕ್ಕ ಉಪಯೋಗವಿಲ್ಲ ಎನ್ನುವುದೂ ಒಂದೇ ಅಲ್ಲ. ಇನ್ನು ಊರಾಚೆಯ ಮಳಿಗೆಗಳು. ಅವನ್ನು ಕಟ್ಟಿದ ಮೇಲೆ ಯಾರೂ ಅತ್ತ ತಿರುಗಿ ನೋಡಿಲ್ಲ, ಬಾಗಿಲಿಗೆ ಎಣ್ಣೆ ಕೂಡ ಬಿಟ್ಟಿಲ್ಲ. ಸಾಕುವ ಖರ್ಚೇ ಇಲ್ಲದ ಮೇಲೆ ಅದೂ ಬಿಳಿ ಆನೆಯಲ್ಲ. ಹಾಕಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು, ಅಷ್ಟೆ. ಕೇಳಬೇಕಾದ್ದು ಆ ಜಾಗವನ್ನು ಆರಿಸಿದವರನ್ನು.

ಹಾಗಾದರೆ ನಮ್ಮ ಸೀಮೆಯಲ್ಲಿ ಬಿಳಿ ಆನೆಯೇ ಇಲ್ಲವೇ ಎಂದು ತಾವು ಕೇಳಬಹುದು. ಇದೆ. ಈ ಕಡೆಯ ಪಟ್ಟಣವೊಂದರ ಉದ್ಯಾನದಲ್ಲಿ ಸಂಗೀತ ಕಾರಂಜಿಯೊಂದಿದೆ. ಬೇಸಿಗೆಯಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು ಬಿಡುವ ಊರದು. ಹಾಡಿಗೆ ತಕ್ಕಂತೆ ಕುಣಿಯಬೇಕಾದ ನೀರನ್ನು ನೋಡಲು ಶನಿವಾರ ಸಂಜೆ ಹತ್ತಾರು ಮಕ್ಕಳು ಬಂದರೆ ಹೆಚ್ಚು. ಆದರೆ ಅದರ ಪಂಪುಗಳಿಗೆ ಕರೆಂಟ್ ಬಿಲ್ ತಪ್ಪುವುದಿಲ್ಲ, ಬಣ್ಣದ ದೀಪಗಳು ಸುಟ್ಟಾಗಲೆಲ್ಲ ದೂರದ ಊರಿನಿಂದ ತರಿಸಬೇಕು, ನಡೆಸುವವನೊಬ್ಬ ಸಂಬಳಕ್ಕಿದ್ದಾನೆ. ಉದ್ಘಾಟನೆಯ ಫಲಕದ ಮೇಲಿನ ಹೆಸರುಗಳು ದೊಡ್ಡವಾದ್ದರಿಂದ ಅದನ್ನು ನಿಲ್ಲಿಸೋಣವೆಂಬ ಮಾತನ್ನು ಸಭೆಯಲ್ಲಿ ಎತ್ತುವ ಧೈರ್ಯ ಯಾವ ಸದಸ್ಯರಿಗೂ ಇಲ್ಲ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಿದು. ಇಲ್ಲಿ ‘ಬಿಳಿ ಆನೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ, ನಾನು ಮೊದಲು ಮೆಚ್ಚುತ್ತೇನೆ. ಸೋಜಿಗವೆಂದರೆ ಆ ಕಾರಂಜಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ‘ಪ್ರವಾಸಿಗರ ಆಕರ್ಷಣೆ’ ಎಂಬ ಹೆಸರಿನಲ್ಲೇ ಬಂದಿದೆ.

ನನ್ನ ವಾದಕ್ಕೆ ಎದುರು ಮಾತು ಇಲ್ಲದಿಲ್ಲ. ಇಂಗ್ಲಿಷಿನವರೇ ಈ ನುಡಿಗಟ್ಟನ್ನು ಸಡಿಲಿಸಿದ್ದಾರೆ. ಅಮೆರಿಕದಲ್ಲಿ ಮನೆಯಲ್ಲಿ ಬೇಡವಾದ ಹೂದಾನಿ, ಗಡಿಯಾರಗಳನ್ನು ಒಂದೆಡೆ ತಂದು ಮಾರುವುದಕ್ಕೂ, ಕ್ರಿಸ್‌ಮಸ್ ಹೊತ್ತಿನಲ್ಲಿ ನಗೆಪಾಟಲಿನ ಉಡುಗೊರೆಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೂ ಬಿಳಿ ಆನೆಯ ಹೆಸರೇ ಇದೆ. ಅಲ್ಲಿ ಸಾಕುವ ಖರ್ಚಿನ ಮಾತು ಬಿದ್ದುಹೋಗಿ ‘ಬೇಡವಾದದ್ದು’ ಎಂಬುದಷ್ಟೇ ಉಳಿದಿದೆ. ಅವರು ಸಡಿಲಿಸಿಕೊಂಡದ್ದು ಮನೆಯ ತಮಾಷೆಗೆ. ಸಾರ್ವಜನಿಕ ಹಣದ ವಿಷಯದಲ್ಲಿ ಅವರ ಪತ್ರಿಕೆಗಳೂ ಹಳೆಯ ಅರ್ಥವನ್ನೇ ಹಿಡಿದಿವೆ, ಮಾಂಟ್ರಿಯಲ್ಲಿನ ಕ್ರೀಡಾಂಗಣಕ್ಕೆ ಆ ಹೆಸರು ಅಂಟಿದ್ದು ಹಾಗೆ. ಇದರ ಜತೆಗೆ ಹೊಸಬರು ಕೆಲವರು ‘ಕೋಣೆಯೊಳಗಿನ ಆನೆ’ ಎಂಬುದನ್ನೂ ತಂದು ಬಿಳಿ ಆನೆಗೆ ಗಂಟುಹಾಕುತ್ತಿದ್ದಾರೆ. ಅದು ಎಲ್ಲರಿಗೂ ಕಾಣುತ್ತಿದ್ದರೂ ಯಾರೂ ಬಾಯಿಬಿಡದ ಸಂಗತಿಗೆ ಹೇಳುವ ಮಾತು, ಖರ್ಚಿಗೂ ಅದಕ್ಕೂ ನಂಟಿಲ್ಲ.

ಕನ್ನಡದಲ್ಲಿ ಈ ಮಾತು ಮೊದಲು ರೂಢಿಗೆ ಬಂದದ್ದು ‘ಬಿಳಿ ಆನೆ ಸಾಕಿದಂತೆ’ ಎಂಬ ರೂಪದಲ್ಲಿ ಎಂಬುದು ನನ್ನ ನೆನಪು. ಅದು ಒಳ್ಳೆಯ ರೂಪ. ‘ಸಾಕಿದಂತೆ’ ಎಂದೊಡನೆ ಯಾರು ಸಾಕುತ್ತಿದ್ದಾರೆ, ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಈಗ ‘ಬಿಳಿ ಆನೆಯಾಗಿದೆ’, ‘ಬಿಳಿ ಆನೆಯಾಗಿ ಪರಿಣಮಿಸಿದೆ’ ಎಂದು ಬರೆಯುವುದರಿಂದ ಸಾಕುವವನೂ ಮಾಯವಾಗಿದ್ದಾನೆ, ಸಾಕದೆ ಬಿಟ್ಟವನೂ ಮಾಯವಾಗಿದ್ದಾನೆ, ಆನೆ ತಾನೇ ತಾನಾಗಿ ಬೆಳ್ಳಗಾದಂತೆ ಕಾಣುತ್ತದೆ. ಈ ಸಡಿಲದಿಂದ ಇನ್ನೂ ಒಂದು ಕೇಡಿದೆ. ಸರ್ಕಾರಿ ಶಾಲೆ, ಗ್ರಂಥಾಲಯ, ಆಸ್ಪತ್ರೆ ಯಾವುದನ್ನೇ ಆಗಲಿ ಮುಚ್ಚಬೇಕೆಂದೋ ಖಾಸಗಿಗೆ ವಹಿಸಬೇಕೆಂದೋ ಇರುವವರು ಮೊದಲು ಮೇವು ಕಡಿಮೆ ಮಾಡುತ್ತಾರೆ, ಆಮೇಲೆ ಬಡಕಲಾಯಿತೆಂದು ತೋರಿಸುತ್ತಾರೆ, ಕೊನೆಗೆ ಬಿಳಿ ಆನೆಯೆಂದು ಹೆಸರಿಡುತ್ತಾರೆ. ಆ ಹೆಸರನ್ನು ಪತ್ರಿಕೆ ಮುಂಚೆಯೇ ಇಟ್ಟುಕೊಟ್ಟರೆ ಅವರ ಕೆಲಸ ಹಗುರವಾಗುತ್ತದೆ.

ನಿರ್ವಹಣೆ ಎಂಬ ಮಾತಿಗೆ ನಾನು ಇಷ್ಟು ಜೋತುಬೀಳುವುದಕ್ಕೆ ಕಾರಣ ನಮ್ಮ ಹೊಳೆಯೇ. 1953ರಿಂದ ನೀರು ಹಿಡಿದು ನಿಂತಿರುವ ತುಂಗಭದ್ರಾ ಜಲಾಶಯಕ್ಕೆ 33 ಕ್ರೆಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಬಾಯಿ ಮುಚ್ಚುವ ತನಕ ಎಡದಂಡೆ ಬಲದಂಡೆಗಳ ರೈತರಿಗೆ ನಿದ್ದೆ ಇರಲಿಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಯವರು ರಾತ್ರಿಯೆಲ್ಲ ಫೋನ್ ಮಾಡಿ ಎಷ್ಟು ನೀರು ಉಳಿಯಿತು ಎಂದು ಕೇಳುತ್ತಿದ್ದರು. ಏಳು ದಶಕಗಳ ಹಳೆಯ ಕಬ್ಬಿಣದ ಕೊಂಡಿಗೆ ಹಲವು ಜಿಲ್ಲೆಗಳ ಭತ್ತ ಜೋತುಬಿದ್ದಿತ್ತೆಂಬುದು ಹಲವರಿಗೆ ಗೊತ್ತಾದದ್ದೇ ಅಂದು. ಆ ಜಲಾಶಯದ ದುರಸ್ತಿಗೆ ಎಷ್ಟು ಕೋಟಿ ಹೋದರೂ ಯಾರೂ ಅದನ್ನು ಬಿಳಿ ಆನೆ ಎನ್ನಲಾರರು. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎನ್ನುವ ಜನ ನಾವು, ಸಾವಿರದ ಬೆಲೆಯದಕ್ಕೆ ಮೇವಿನ ಲೆಕ್ಕ ಕೇಳುವುದು ಬೇರೆ, ಮೇವೇ ದಂಡವೆನ್ನುವುದು ಬೇರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಮುಂದೆ ಯಾವುದನ್ನಾದರೂ ಬಿಳಿ ಆನೆ ಎಂದು ಬರೆಯುವ ಮುನ್ನ, ಅದರ ಮೇಲೆ ಕಳೆದ ವರ್ಷ ಸಾಕುವ ಖರ್ಚು ಎಷ್ಟಾಯಿತೆಂಬುದನ್ನು ವರದಿಗಾರರು ಕೇಳಿ ಬರೆಯಲಿ. ಖರ್ಚೇ ಆಗಿಲ್ಲವೆಂದು ಉತ್ತರ ಬಂದರೆ ಆ ಮಾತನ್ನು ಹೊಡೆದುಹಾಕಿ, ಯಾಕೆ ಆಗಿಲ್ಲವೆಂಬುದನ್ನೇ ಸುದ್ದಿ ಮಾಡಲಿ. ಇನ್ನೊಂದು, ಇದು ಸ್ವಲ್ಪ ದೊಡ್ಡ ಬೇಡಿಕೆ: ಭೂಮಿಪೂಜೆಯ ಸುದ್ದಿಯಲ್ಲಿ ‘ಇಷ್ಟು ಲಕ್ಷ ವೆಚ್ಚದಲ್ಲಿ’ ಎಂಬ ಸಾಲಿನ ಕೆಳಗೆ, ಇದನ್ನು ನಡೆಸುವುದಕ್ಕೆ ವರ್ಷಕ್ಕೆ ಎಷ್ಟು ಬೇಕು, ಅದನ್ನು ಯಾವ ಕಚೇರಿ ಯಾವ ಶೀರ್ಷಿಕೆಯಿಂದ ಕೊಡುತ್ತದೆ ಎಂಬ ಇನ್ನೊಂದು ಸಾಲನ್ನೂ ಹಾಕಿ. ಗುದ್ದಲಿ ಹಿಡಿದ ಗಣ್ಯರ ಹಿಂದೆ ಎಂಜಿನಿಯರರು ನಿಂತಿರುತ್ತಾರೆ, ಅಂದಾಜು ಪಟ್ಟಿ ಅಂದು ಅವರ ಕೈಯಲ್ಲೇ ಇರುತ್ತದೆ, ಕೇಳುವುದು ಕಷ್ಟವೇನಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪತ್ರ ನೌಕರ,
ಗಂಗಾವತಿ, ಕೊಪ್ಪಳ ಜಿಲ್ಲೆ